ಕಡಮತ್ತಿಗೆ ಹೋಗುವ ದಾರಿ

ನಿಶ್ಚಿತಾರ್ಥವಾದ ಮೂರನೇ ದಿನ ಅವನು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ನಿಂಗೆ ಈಜು ಬರುತ್ತಾ?" ಬರಲ್ಲ ಅಂದೆ. ಚನ್ನರಾಯಪಟ್ಟಣದ ಕಡೆಯ ಹಳ್ಳಿಯಲ್ಲಿ ಬೆಳೆದ ಹುಡುಗಿಗೆ ಈಜು ಕಲಿಸುವವರು ಯಾರು? ಕೆರೆ ಏರಿಯ ಮೇಲೆ ನಡೆಯುವಾಗಲೂ ನೀರಿನ ಕಡೆ ಬಗ್ಗಬೇಡ ಎಂದು ಬೈಸಿಕೊಂಡು ಬೆಳೆದವರು ನಾವು. ಅವನದು ಅರಕಲಗೂಡು. ಬೇಸಿಗೆ ರಜಕ್ಕೆ ಹೊಳೆನರಸೀಪುರದ ಸೋದರಮಾವನ ಮನೆಗೆ ಹೋಗಿ ಹೇಮಾವತಿಯಲ್ಲಿ ಬಿದ್ದು ಎದ್ದು ಈಜು ಕಲಿತವನು. ಈಗ ಹಾಸನದಲ್ಲಿ ಕೆಲಸ. ಮದುವೆಯಾದ ಮೇಲೆ ಯಾವುದಾದರೂ ದ್ವೀಪಕ್ಕೆ ಹೋಗಬೇಕು, ಅಲ್ಲಿ ಸ್ಕೂಬಾ ಡೈವಿಂಗ್ ಮಾಡಬೇಕು ಎಂಬುದು ಅವನ ಕಾಲೇಜು ದಿನಗಳ ಆಸೆಯಂತೆ. ಅದಕ್ಕಾಗಿ ಒಂದು ಎಕ್ಸೆಲ್ ಹಾಳೆಯನ್ನೇ ಮಾಡಿಟ್ಟಿದ್ದ. ಅದರಲ್ಲಿ ಮಾಲ್ಡೀವ್ಸ್, ಅಂಡಮಾನಿನ ಹ್ಯಾವ್ಲಾಕ್, ಬಾಲಿ, ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ, ಕೊನೆಯ ಸಾಲಿನಲ್ಲಿ ಲಕ್ಷದ್ವೀಪದ ಕಡಮತ್. ಪ್ರತಿಯೊಂದರ ಮುಂದೆಯೂ ವಿಮಾನ, ಹಡಗು, ರೂಮು, ಡೈವಿಂಗ್ ಎಂದು ಖರ್ಚಿನ ಕಲಮುಗಳು.

ನಾನು ಆ ಕೊನೆಯ ಸಾಲಿನಲ್ಲೇ ಸಿಕ್ಕಿಕೊಂಡೆ.

ಕಡಮತ್ ಎಂಬ ಹೆಸರನ್ನು ನಾನು ಮೊದಲು ನೋಡಿದ್ದು ಪ್ರವಾಸದ ಜಾಹೀರಾತಿನಲ್ಲಲ್ಲ. ಮೈಸೂರು ಸೀಮೆಗೂ ಕರಾವಳಿಗೂ ನಡುವಿನ ಘಟ್ಟದ ದಾರಿಗಳ ವ್ಯಾಪಾರ ನನ್ನ ಪಿಎಚ್‌ಡಿಯ ವಿಷಯ. ಅದಕ್ಕಾಗಿ 1894-95ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಸೌತ್ ಕೆನರಾ ಜಿಲ್ಲೆಯ ಮ್ಯಾನ್ಯುಯಲ್ ಓದುತ್ತಿದ್ದೆ. ತಾಲ್ಲೂಕುಗಳ ವಿವರವೆಲ್ಲ ಮುಗಿದಿರಬೇಕು ಎಂದುಕೊಂಡಾಗ ಅಲ್ಲಿ ಅಮೀನ್‌ದೀವಿ ದ್ವೀಪಗಳು ಎದುರಾದವು: ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಜೊತೆಗೆ ಪುಟ್ಟ ಬಿತ್ರಾ. ಮಂಗಳೂರಿನಲ್ಲಿ ಕೂತ ಕಲೆಕ್ಟರನ ಜಿಲ್ಲೆಯೊಳಗೆ ಕಡಲಾಚೆಯ ಐದು ಹವಳದ ದ್ವೀಪಗಳು! ನನ್ನ ವಿಷಯಕ್ಕೆ ಸಂಬಂಧವಿಲ್ಲವೆಂದು ಆ ಪುಟಗಳನ್ನು ಮಗುಚಿ ಮುಂದೆ ಹೋಗಿದ್ದೆ. ಈಗ ಅದೇ ಹೆಸರು ಭಾವೀ ಗಂಡನ ಎಕ್ಸೆಲ್ ಹಾಳೆಯಲ್ಲಿ ಕೂತಿತ್ತು.

"ಇದು ಒಂದು ಕಾಲಕ್ಕೆ ಮಂಗಳೂರಿಗೆ ಸೇರಿತ್ತು ಗೊತ್ತಾ? ಅದಕ್ಕೂ ಮುಂಚೆ ಶ್ರೀರಂಗಪಟ್ಟಣಕ್ಕೆ," ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಹನಿಮೂನಿಗೂ ಥೀಸಿಸ್ ಕಟ್ಕೊಂಡ್ ಬರ್ತೀಯಾ?" ಅಂದ. ನಮ್ಮ ಮೊದಲ ಜಗಳ ಅದು.

ಜಗಳದ ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಲಕ್ಷದ್ವೀಪದ ಮೇಲೆ ಹಕ್ಕಿದ್ದದ್ದು ಮೊದಲು ಉತ್ತರ ಮಲಬಾರಿನ ಕೋಲತ್ತಿರಿ ಅರಸರಿಗೆ, ಆಮೇಲೆ ಕಣ್ಣೂರಿನ ಅರಕ್ಕಲ್ ಮನೆತನಕ್ಕೆ. ಈ ದ್ವೀಪಗಳಲ್ಲಿ ಏನಿತ್ತೆಂದು ದೊರೆಗಳಿಗೆ ಆಸೆ? ತೆಂಗು, ಅದಕ್ಕಿಂತ ಹೆಚ್ಚಾಗಿ ತೆಂಗಿನ ನಾರು. ಹಡಗಿನ ಕಾಲದಲ್ಲಿ ಹುರಿಹಗ್ಗವಿಲ್ಲದೆ ಕಡಲಿಗೆ ಇಳಿಯುವಂತಿರಲಿಲ್ಲ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಅಮಿನಿಗೆ ನುಗ್ಗಿದ್ದೂ ನಾರಿಗಾಗಿಯೇ. ದ್ವೀಪದ ಜನ ಅವರಿಗೆ ವಿಷವಿಕ್ಕಿ ಕೊಂದರು ಎಂಬ ಕಥೆ ಅಲ್ಲಿ ಇವತ್ತಿಗೂ ಇದೆ. ಅರಕ್ಕಲ್‌ನವರ ಕಾಲದಲ್ಲೂ ನಾರಿನ ವ್ಯಾಪಾರ ದೊರೆಯ ಮುಷ್ಟಿಯಲ್ಲೇ ಇತ್ತು. ಅವರ ಆಳುಗಳ ಕಾಟ ತಡೆಯಲಾರದೆ 1780ರ ದಶಕದಲ್ಲಿ ಅಮಿನಿಯ ಕೆಲವರು ಓಡ ಹತ್ತಿ ಮಂಗಳೂರಿಗೆ ಬಂದು, ನಮ್ಮನ್ನು ನೀವೇ ಆಳಿ ಎಂದು ಟಿಪ್ಪುವನ್ನು ಕೇಳಿಕೊಂಡರು. ಟಿಪ್ಪುವಿಗೂ ಅರಕ್ಕಲ್ ಬೀಬಿಗೂ ಸ್ನೇಹವಿತ್ತು. ಮಾತುಕತೆಯಾಗಿ ಉತ್ತರದ ಐದು ದ್ವೀಪಗಳು ಅವನ ಕೈಸೇರಿದವು. ಅವುಗಳ ಬದಲಿಗೆ ಬೀಬಿಗೆ ಚಿರಕ್ಕಲ್ ಸೀಮೆಯ ನೆಲ ಕೊಟ್ಟ ಎಂಬ ಉಲ್ಲೇಖವೂ ಇದೆ.

ಹಾಗಾಗಿ ಹತ್ತು ಹನ್ನೆರಡು ವರ್ಷ ಕಡಮತ್ತೂ ನಮ್ಮ ಚನ್ನರಾಯಪಟ್ಟಣವೂ ಒಂದೇ ಖಜಾನೆಗೆ ಸೇರಿದ ಊರುಗಳಾಗಿದ್ದವು. ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆಗೆ ಶಾಲಾ ಪ್ರವಾಸ ಹೋಗದ ಹಾಸನ ಜಿಲ್ಲೆಯ ಮಕ್ಕಳಿಲ್ಲ. ನಕ್ಷತ್ರದ ಆಕಾರದ ಆ ಕೋಟೆಯನ್ನು ಟಿಪ್ಪು 1792ರಲ್ಲಿ ಕಟ್ಟಿಸಿದ್ದು ಶ್ರೀರಂಗಪಟ್ಟಣದಿಂದ ಮಂಗಳೂರಿಗೆ ಹೋಗುವ ದಾರಿ ಕಾಯುವುದಕ್ಕೆ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಆ ದಾರಿ ಮಂಗಳೂರಿನಲ್ಲೇ ಮುಗಿಯುತ್ತದೆ ಎಂದುಕೊಂಡಿದ್ದೆ. ಅದು ಬಂದರಿಗಿಳಿದು, ಓಡ ಹತ್ತಿ, ಇನ್ನೂ ಮುನ್ನೂರು ಕಿಲೋಮೀಟರ್‌ ಆಚೆಗೆ ಹೋಗುತ್ತಿತ್ತು ಎಂಬುದು ಇಷ್ಟು ವರ್ಷ ಓದಿದ ಮೇಲೂ ನನಗೆ ಹೊಳೆದಿರಲಿಲ್ಲ. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ನಮ್ಮಲ್ಲಿ ವರ್ಷಕ್ಕೊಮ್ಮೆ ಕೂಗಾಡುತ್ತಾರೆ. ಈ ಐದು ದ್ವೀಪಗಳ ಸುದ್ದಿಯನ್ನು ಇಬ್ಬರ ಬಾಯಲ್ಲೂ ಕೇಳಿಲ್ಲ. ಲಕ್ಷದ್ವೀಪಕ್ಕೆ ಜನರನ್ನು ಸಾಗಿಸುತ್ತಿದ್ದ ಹಡಗುಗಳಲ್ಲಿ ಒಂದರ ಹೆಸರು ಮಾತ್ರ 'ಟಿಪ್ಪು ಸುಲ್ತಾನ್' ಎಂದಿತ್ತು.

ಇದರಲ್ಲಿ ನಾವು ಎದೆಯುಬ್ಬಿಸುವಂಥದ್ದೇನೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಬ್ಬ ಯಜಮಾನನ ಕಾಟಕ್ಕೆ ಇನ್ನೊಬ್ಬ ಯಜಮಾನನನ್ನು ಕೇಳಿಕೊಂಡ ಜನರ ಕಥೆ ಇದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಐದು ದ್ವೀಪಗಳೂ ಕಂಪನಿಗೆ ಹೋದವು, ಮಂಗಳೂರಿನಿಂದ ಆಳ್ವಿಕೆ ನಡೆಯಿತು. ನಾರಿನ ಏಕಸ್ವಾಮ್ಯ ಮಾತ್ರ ಹಾಗೇ ಉಳಿಯಿತು. ದ್ವೀಪದವರು ತಮ್ಮ ನಾರಿನ ಹುರಿಯನ್ನು ಮಂಗಳೂರಿನ ಸರಕಾರಿ ಉಗ್ರಾಣಕ್ಕೇ ಹಾಕಬೇಕು. ಸರಕಾರ ತಾನು ಗೊತ್ತುಮಾಡಿದ ದರದಲ್ಲಿ ಅದಕ್ಕೆ ಅಕ್ಕಿ ಕೊಡುತ್ತದೆ. ಹವಳದ ಮರಳಿನಲ್ಲಿ ಭತ್ತ ಬೆಳೆಯುವುದಿಲ್ಲ, ಅಕ್ಕಿ ಬೇಕೆಂದರೆ ನಾರು ಕೊಡಲೇಬೇಕು. ದ್ವೀಪದ ಮೇಲೆ ಸರಕಾರದ ಪರವಾಗಿ ಇದ್ದವನು ಒಬ್ಬ ಮಣೇಗಾರ. ಆ ಪದ ಕಂಡಾಗ ನನಗೆ ನಗು ಬಂತು. ಅಷ್ಟು ದೂರದ ಕಡಲಿನ ನಡುವೆ, ಮಲಯಾಳದ ಒಂದು ಬಗೆಯಾದ ಜೆಸರಿಯನ್ನಾಡುವ ಜನರ ಮೇಲೆ, ನಮ್ಮ ಕಡೆಯ ಕಂದಾಯದ ಕಡತದಿಂದ ಎದ್ದು ಬಂದಂಥ ಹೆಸರಿನ ಅಧಿಕಾರಿ.

ನಾರು ಮಾಡುವ ಬಗೆ ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮದು ತೆಂಗಿನ ಸೀಮೆ. ಮನೆಯ ಅಟ್ಟದ ಮೇಲೆ ಕೊಬ್ಬರಿ, ಹಿತ್ತಲಲ್ಲಿ ಮಟ್ಟೆಯ ಗುಡ್ಡೆ. ಕಾಯಿ ಒಣಗಿಸಿ ಕೊಬ್ಬರಿ ಮಾಡುವ ನಮಗೆ ಮಟ್ಟೆ ಅಂದರೆ ಒಲೆಗೆ, ನೀರೊಲೆಗೆ. ದ್ವೀಪದಲ್ಲಿ ಅದು ತಿರುಗುಮುರುಗು. ಅಲ್ಲಿಯವರಿಗೆ ಮಟ್ಟೆಯೇ ಬದುಕು. ಅದನ್ನು ಲಗೂನಿನ ಅಂಚಿನ ಮರಳಿನಲ್ಲಿ ಹೂತು, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ನೆನೆಸಿ, ಕೊಳೆತ ಮೇಲೆ ತೆಗೆದು ಬಡಿದು, ಅಂಗೈಯಲ್ಲೇ ಹೊಸೆದು ಹುರಿ ಮಾಡುತ್ತಿದ್ದವರು ಹೆಂಗಸರು. ಹುರಿಯನ್ನು ಓಡಕ್ಕೆ ತುಂಬಿಕೊಂಡು ಮಂಗಳೂರಿಗೆ ಬಂದು ಅಕ್ಕಿಗಾಗಿ ನಿಲ್ಲುತ್ತಿದ್ದವರು ಗಂಡಸರು. ದಾಖಲೆಯಲ್ಲಿ ಇರುವುದು ಬಂದರಿಗೆ ಬಂದವರ ಲೆಕ್ಕ ಮಾತ್ರ. ಹೊಸೆದವರ ಅಂಗೈಗೆ ಕಲಮು ಇಲ್ಲ. ನನ್ನ ಪ್ರಬಂಧದಲ್ಲಿ ಘಟ್ಟದ ಎತ್ತುಗಳ, ಸುಂಕದ ಕಟ್ಟೆಗಳ ಲೆಕ್ಕ ಬೇಕಾದಷ್ಟಿದೆ. ಹಗ್ಗ ಎಂಬ ಶಬ್ದವೇ ಇಲ್ಲ. ಎತ್ತಿನ ಮೇಲಿನ ಹೇರನ್ನು ಯಾವುದರಿಂದ ಕಟ್ಟುತ್ತಿದ್ದರು ಎಂದು ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಿಕೊಂಡಿಲ್ಲ.

ಹೀಗೆ ಹನಿಮೂನಿನ ಹಾಳೆ ನನ್ನ ಮೂರನೇ ಅಧ್ಯಾಯವನ್ನು ಕೆಡಿಸಿತು. ಅದನ್ನು ಅವನಿಗೆ ವಿವರಿಸಲು ಹೋಗಿ ಎರಡನೇ ಜಗಳ ಆಯಿತು. "ನಾನು ಮೀನು ನೋಡೋಕೆ ಹೋಗ್ತೀನಿ, ನೀನು ಮಣೇಗಾರನ್ನ ಹುಡ್ಕೋಕೆ ಹೋಗ್ತೀಯ," ಅಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮದುವೆ ವೈಶಾಖದಲ್ಲಿ. ಮರುವಾರವೇ ಹೊರಡೋಣ ಎಂದು ಅವನ ಲೆಕ್ಕವಿತ್ತು. ಅದನ್ನು ಮುರಿದದ್ದು ಮಳೆಗಾಲ. ನೇತ್ರಾಣಿಯಾದರೆ ಅಗ್ಗ, ಹಾಸನದಿಂದ ಹೊರಟರೆ ಒಂದೇ ರಾತ್ರಿಯ ದಾರಿ, ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೋಣಿ. ನೌಕಾಪಡೆಯವರು ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸಿದ ಆ ದ್ವೀಪದ ಸುತ್ತಲೂ ಹವಳವಿದೆ, ಕನ್ನಡ ನಾಡಿನಲ್ಲಿ ಡೈವಿಂಗ್‌ಗೆ ಅದೇ ಹೆಸರುವಾಸಿ ಜಾಗ. ಆದರೆ ಜೂನ್ ಹತ್ತಿರವಾದರೆ ಅಲ್ಲಿಯೂ ದೋಣಿ ಕಟ್ಟಿಹಾಕುತ್ತಾರೆ. ಅಮೀನ್‌ದೀವಿಯ ಓಡಗಳ ಕಥೆಯೂ ಹೀಗೇ ಇತ್ತು. ಮುಂಗಾರು ಮುಖ ತೋರಿಸುವ ಮೊದಲೇ ಅಕ್ಕಿ ತುಂಬಿಕೊಂಡು ದ್ವೀಪ ಸೇರಿಬಿಡಬೇಕು. ಆಮೇಲೆ ಕಡಲು ತಿಳಿಯಾಗುವ ತನಕ ಮಂಗಳೂರಿಗೂ ದ್ವೀಪಕ್ಕೂ ಮಾತಿಲ್ಲ ಕತೆಯಿಲ್ಲ. ಕೊನೆಯ ಓಡ ತಪ್ಪಿದರೆ ಮಳೆಗಾಲವಿಡೀ ತೆಂಗಿನಕಾಯಿ, ಮೀನೇ ಗತಿ.

ನಮ್ಮ ಸೀಮೆಯಲ್ಲೂ ಅದೇ ಹೊತ್ತಿಗೆ ಆಷಾಢ. ಹೊಸ ಸೊಸೆ ತವರಿಗೆ ಹೋಗಬೇಕು, ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಗಂಡ ಕದ್ದು ಬಂದರೆ ಊರೆಲ್ಲ ನಗೆ. ಮಧುಚಂದ್ರ ಎಂಬ ಪದವನ್ನು ನಾವು ಇಂಗ್ಲಿಷಿನಿಂದ ಮಾಡಿಕೊಂಡದ್ದು. ನಮ್ಮ ಅಮ್ಮಂದಿರ ಕಾಲಕ್ಕೆ ಅದು ಸಿನಿಮಾದಲ್ಲಿತ್ತು, ಮನೆಯಲ್ಲಿರಲಿಲ್ಲ. ಮದುವೆಯಾದ ಮೇಲೆ ಬೀಗರೂಟ, ಅದಾದ ಮೇಲೆ ಧರ್ಮಸ್ಥಳ ಸುಬ್ರಹ್ಮಣ್ಯಕ್ಕೆ ಎರಡೂ ಮನೆಯವರು ತುಂಬಿದ ಒಂದು ವ್ಯಾನು. ನಮ್ಮಮ್ಮ ಸಮುದ್ರವನ್ನು ಮೊದಲು ಕಂಡದ್ದು ಹಾಗೆ ಹೋದಾಗಲೇ, ಅತ್ತೆಯ ಕೈ ಹಿಡಿದುಕೊಂಡು. ಅಪ್ಪ ದೂರದಲ್ಲಿ ಕಳ್ಳೆಕಾಯಿ ತಿನ್ನುತ್ತಾ ನಿಂತಿದ್ದರಂತೆ.

ಅಂತೂ ಪ್ರವಾಸ ನವೆಂಬರಿಗೆ ಹೋಯಿತು. ಈ ನವೆಂಬರಿನ ಬಗ್ಗೆಯೂ ಒಂದು ಮಾತಿದೆ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ ಹೊಸ ಮೈಸೂರು ರಾಜ್ಯಕ್ಕೆ ಯಾವ ಯಾವ ಪ್ರದೇಶ ಸೇರುತ್ತದೆ ಎಂದು ಪಟ್ಟಿ ಮಾಡುವಾಗ, ದಕ್ಷಿಣ ಕನ್ನಡ ಜಿಲ್ಲೆ ಎಂದು ಬರೆದು, ಕಾಸರಗೋಡು ತಾಲ್ಲೂಕು ಮತ್ತು ಅಮೀನ್‌ದೀವಿ ದ್ವೀಪಗಳನ್ನು ಬಿಟ್ಟು ಎಂದು ಸೇರಿಸಿದ್ದಾರೆ. ಒಂದೇ ಸಾಲಿನಲ್ಲಿ ಎರಡು ಕಳಚುವಿಕೆ. ಕಾಸರಗೋಡಿಗಾಗಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಬದುಕಿಡೀ ಹೋರಾಡಿದರು. ಅಲ್ಲಿ ಕನ್ನಡದ ಮನೆಗಳಿದ್ದವು, ಶಾಲೆಗಳಿದ್ದವು. ಅಮೀನ್‌ದೀವಿಗಾಗಿ ಯಾರೂ ಅಳಲಿಲ್ಲ, ಅಳಬೇಕಾಗಿಯೂ ಇರಲಿಲ್ಲ. ಅಲ್ಲಿ ಕನ್ನಡದ ಮಣೇಗಾರಿಕೆ ಇತ್ತೇ ಹೊರತು ಕನ್ನಡದ ಮಾತಿರಲಿಲ್ಲ. ಆ ನವೆಂಬರ್ 1ರಂದು ಮೈಸೂರು ದೊಡ್ಡದಾಯಿತು, ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. ಹದಿನೇಳು ವರ್ಷದ ಮೇಲೆ, 1973ರ ನವೆಂಬರ್ 1ರಂದು, ಮೈಸೂರು ಕರ್ನಾಟಕವಾಯಿತು. ಅದೇ ದಿನ ಲಕ್ಕದೀವ್, ಮಿನಿಕಾಯ್, ಅಮೀನ್‌ದೀವಿ ಎಂಬ ಉದ್ದ ಹೆಸರು ಹೋಗಿ ಲಕ್ಷದ್ವೀಪ ಬಂತು. ಅಮೀನ್‌ದೀವಿ ಎಂಬ ಹೆಸರು ದೈನಂದಿನ ಮಾತಿನಿಂದ ಕಾಣೆಯಾದದ್ದು ಅಲ್ಲಿಂದ.

ಈಗ ಅಲ್ಲಿಗೆ ಹೋಗಲು ಪರವಾನಗಿ ಬೇಕು. 1967ರ ನಿಯಮ ಅದು. ಅದಕ್ಕೆ ನಮ್ಮ ನಮ್ಮ ಪೊಲೀಸ್ ಠಾಣೆಯಿಂದ ಸರ್ಟಿಫಿಕೇಟು ಬೇಕು ಎಂದು ಅವನು ಅರಕಲಗೂಡಿನಲ್ಲಿ, ನಾನು ಚನ್ನರಾಯಪಟ್ಟಣದಲ್ಲಿ ಅಲೆದೆವು. "ನಮ್ಮ ದೇಶದ್ದೇ ತಾನೇನಮ್ಮ?" ಎಂದು ಠಾಣೆಯಲ್ಲಿ ಒಬ್ಬರು ನಿಜವಾಗಿಯೂ ಅರ್ಥವಾಗದೆ ಕೇಳಿದರು. 2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದ ಮೇಲೆ ಅದರ ಹೆಸರು ಎಲ್ಲರ ಬಾಯಲ್ಲೂ ಓಡಾಡಿದ್ದು ನೆನಪಾಗಿ, "ಓ, ಅದಾ" ಅಂದರು. ವಿಮಾನ ಕೊಚ್ಚಿಯಿಂದ ಅಗತ್ತಿಗೆ, ಅಲ್ಲಿಂದ ದೋಣಿ. ಇಲ್ಲವೇ ಕೊಚ್ಚಿಯಿಂದ ಹಡಗು. ಮಂಗಳೂರಿನ ಹಳೇ ಬಂದರಿನಿಂದ ದ್ವೀಪಗಳಿಗೆ ಸರಕಿನ ದೋಣಿಗಳು ಇವತ್ತಿಗೂ ಹೋಗುತ್ತವೆ, 2024ರ ಮೇ ತಿಂಗಳಲ್ಲಿ ಜನರನ್ನು ಹೊತ್ತ ವೇಗದ ಹಡಗೊಂದು ಬಂದದ್ದೂ ಸುದ್ದಿಯಾಗಿತ್ತು. ನಮ್ಮಂಥವರಿಗೆ ಸದ್ಯಕ್ಕೆ ಕೊಚ್ಚಿಯೇ. ಇನ್ನೂರು ವರ್ಷ ಹಳೆಯ ದಾರಿ ಮನೆಯ ಮುಂದೆಯೇ ಇದ್ದರೂ ಸುತ್ತು ಹಾಕಿ ಹೋಗಬೇಕು.

ಇಷ್ಟೆಲ್ಲ ಆದರೂ ಒಬ್ಬರಿಗೆ ವಿಷಯ ಹೇಳಿರಲಿಲ್ಲ. ಅವನ ಅಜ್ಜಿಗೆ.

ಅಜ್ಜಿಯ ಊರು ಈಗ ಹೇಮಾವತಿ ಜಲಾಶಯದ ಅಡಿಯಲ್ಲಿದೆ. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ಮೇಲ್ದಂಡೆಯ ಊರುಗಳು ಒಂದೊಂದಾಗಿ ಖಾಲಿಯಾದವು. ಹೊರಗಿನವರಿಗೆ ಆ ಮುಳುಗಡೆ ಅಂದರೆ ಶೆಟ್ಟಿಹಳ್ಳಿಯ ಚರ್ಚು. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿಸಿದ ಆ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ, ಮದುವೆಗೆ ಮುಂಚಿನ ಫೋಟೊ ಶೂಟಿಗೆ ಜೋಡಿಗಳು ಸಾಲುಗಟ್ಟುತ್ತಾರೆ. ಅಜ್ಜಿಯ ಊರಿನಲ್ಲಿ ಅಂಥ ಗೋಡೆ ಇರಲಿಲ್ಲ. ಹೆಂಚು, ಬಾಗಿಲು, ತೊಲೆ ಎಲ್ಲ ಕಿತ್ತು ಗಾಡಿಗೆ ಹೇರಿಕೊಂಡು ಅರಕಲಗೂಡಿಗೆ ಬಂದರಂತೆ. ಹಿಂದೆ ಉಳಿದದ್ದು ಕಣದ ರೋಣಗಲ್ಲು, ಬಾವಿಯ ಕಟ್ಟೆ. ಹಾಗೆ ನಿಂತ ನೀರೇ ಕಾಲುವೆಯಲ್ಲಿ ಹೊಳೆನರಸೀಪುರದ, ಚನ್ನರಾಯಪಟ್ಟಣದ ಗದ್ದೆಗಳಿಗೆ ಬಂತು. ಬಾಗೂರು ನವಿಲೆಯ ಸುರಂಗ ದಾಟಿ ತುಮಕೂರಿಗೂ ಹೋಯಿತು. ನಮ್ಮ ಅಪ್ಪ ನನ್ನನ್ನು ಓದಿಸಿದ್ದು ಕಾಲುವೆ ಬಂದ ಮೇಲಿನ ದುಡ್ಡಿನಲ್ಲಿ. ಈ ಲೆಕ್ಕ ಅಜ್ಜಿಗೆ ಗೊತ್ತು. ನಿಶ್ಚಿತಾರ್ಥದ ದಿನ ನನ್ನ ಗಲ್ಲ ಸವರಿ, "ನಮ್ಮ ನೀರು ಕುಡ್ದು ಬೆಳ್ದ ಕೂಸು" ಅಂದಿದ್ದಳು. ತಮಾಷೆಯೋ ಅಲ್ಲವೋ ನನಗೆ ಇನ್ನೂ ಗೊತ್ತಾಗಿಲ್ಲ.

ಏಪ್ರಿಲಿನಲ್ಲಿ ನೀರು ಇಳಿದಿದೆ ಎಂದು ಅವಳನ್ನು ಹಿನ್ನೀರಿಗೆ ಕರೆದುಕೊಂಡು ಹೋದೆವು. ಒಡೆದ ಕೆಸರಿನ ಮೇಲೆ ಕೋಲೂರಿ ನಿಂತು ಅವಳು ಬೀದಿ ಗುರುತಿಸಿದಳು. ಇಲ್ಲಿ ಮಾರಮ್ಮ, ಇಲ್ಲಿ ಅಕ್ಕಸಾಲಿಗರ ಮನೆ, ಅಲ್ಲಿ ನೀರಿನೊಳಗೆ ನಮ್ಮನೆ. ಅವಳು ತೋರಿಸಿದ ಕಡೆ ನೀರು ಹೊಳೆಯುತ್ತಿತ್ತು ಅಷ್ಟೆ. ಆಗ ಅವನು ಹೇಳಿಬಿಟ್ಟ, ಮದುವೆಯಾದ ಮೇಲೆ ದ್ವೀಪಕ್ಕೆ ಹೋಗುತ್ತೇವೆ, ನೀರಿನೊಳಕ್ಕೆ ಇಳಿಯುತ್ತೇವೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಇರುತ್ತೆ, ಏನೂ ಆಗಲ್ಲ ಎಂದು.

"ಅಲ್ಲಿ ತಳದಾಗೆ ಏನ್ ಅದೆ ನೋಡಕ್ಕೆ?"

"ಮೀನು. ಹವಳ."

"ನಮ್ಮೂರಲ್ಲೂ ಈಗ ಮೀನೇ ಇರೋದು," ಅಂದಳು.

ಹವಳ ಅಂದರೇನು ಎಂದು ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಡಾರ್ವಿನ್ 1842ರಲ್ಲಿ ಹವಳದ ದಿಬ್ಬಗಳ ಬಗ್ಗೆ ಬರೆದ ಪುಸ್ತಕದಲ್ಲಿ ಹೇಳಿದ್ದನ್ನೇ ಹೇಳಿದೆ. ಮೊದಲು ಕಡಲಿನಲ್ಲಿ ಬೆಂಕಿಯ ಬೆಟ್ಟ ಇರುತ್ತೆ, ಅದರ ಅಂಚಿಗೆ ಹವಳದ ಹುಳುಗಳು ಗೂಡು ಕಟ್ಟುತ್ತವೆ. ಬೆಟ್ಟ ನಿಧಾನವಾಗಿ ಮುಳುಗುತ್ತಾ ಹೋಗುತ್ತೆ, ಹುಳುಗಳು ಮೇಲಕ್ಕೆ ಕಟ್ಟುತ್ತಾ ಬರುತ್ತವೆ. ಕೊನೆಗೆ ಬೆಟ್ಟ ಇರಲ್ಲ, ಅದರ ಅಂಚು ಎಲ್ಲಿತ್ತೋ ಅಲ್ಲಿ ಒಂದು ಬಳೆಯ ಹಾಗೆ ಹವಳ ಉಳಿಯುತ್ತೆ. ಆ ಬಳೆಯ ಮೇಲೆ ಮರಳು ಕೂತು ಜನ ಇರುವ ಊರು ಆಗಿದೆ ಅಜ್ಜಿ, ಒಂಬತ್ತು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲ ಅಷ್ಟೇ. ಅವಳು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಅವ್ರಿಗೆ ಪರಿಹಾರ ಕೊಟ್ರಾ?" ಎಂದು ಕೇಳಿದಳು. ಯಾರಿಗೆ ಎಂದು ನಾನು ಕೇಳಲಿಲ್ಲ.

ಅವಳ ಪ್ರಶ್ನೆ ಅಷ್ಟೇನೂ ತಪ್ಪಲ್ಲ ಎಂದು ಆಮೇಲೆ ಅನಿಸಿತು. ಕಡಲು ಬಿಸಿಯಾಗಿ ಹವಳ ಬೆಳ್ಳಗಾಗಿ ಸಾಯುವ ಪಿಡುಗು ಲಕ್ಷದ್ವೀಪಕ್ಕೆ 1998, 2010, 2016ರಲ್ಲಿ ಬಂದು, 2024ರಲ್ಲೂ ಬಂತು. ನಮ್ಮ ಮೈಸೂರಿನಲ್ಲೇ ಕಚೇರಿ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು ಎರಡು ದಶಕಕ್ಕೂ ಹೆಚ್ಚು ಕಾಲ ಅಗತ್ತಿ, ಕವರತ್ತಿ, ಕಡಮತ್ತಿನ ನೀರಿನಲ್ಲಿ ಮುಳುಗಿ ಲೆಕ್ಕ ಇಟ್ಟಿದ್ದಾರೆ. ಅವರ ಲೆಕ್ಕದಲ್ಲಿ ಜೀವಂತ ಹವಳ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. ಹವಳ ಸತ್ತರೆ ಅಲೆಯನ್ನು ತಡೆಯುವ ಗೋಡೆ ಸವೆಯುತ್ತದೆ. ದ್ವೀಪದ ಕಾಲಡಿಯ ನೆಲ ಆ ಗೋಡೆಯದೇ. ನಾನು ಇರುವ ಊರಿನಲ್ಲೇ ಆ ಲೆಕ್ಕ ಇತ್ತು, ಹನಿಮೂನು ಇಲ್ಲದಿದ್ದರೆ ಅದನ್ನೂ ಓದುತ್ತಿರಲಿಲ್ಲ.

ಡೈವಿಂಗಿನ ಬಗ್ಗೆ ಅವನಿಗಿಂತ ಹೆಚ್ಚು ಈಗ ನಾನೇ ಓದಿಕೊಂಡಿದ್ದೇನೆ. ಕೂಸ್ತೋ ಮತ್ತು ಗಾನ್ಯಾ ಎಂಬ ಇಬ್ಬರು ಫ್ರೆಂಚರು 1943ರಲ್ಲಿ, ಯುದ್ಧದ ನಡುವೆ, ಬೇಕಾದಷ್ಟೇ ಗಾಳಿ ಬಿಡುವ ಕವಾಟವನ್ನು ಮಾಡಿದ ಮೇಲೆ ಇದು ಸಾಧ್ಯವಾಯಿತು. ಹತ್ತು ಮೀಟರ್ ಆಳದಲ್ಲಿ ಮೈಮೇಲಿನ ಒತ್ತಡ ದಡದ ಎರಡರಷ್ಟು. ಕಿವಿ ನೋಯುತ್ತದೆ, ಮೂಗು ಹಿಡಿದು ಊದಿಕೊಳ್ಳಬೇಕು. ಉಸಿರು ಕಟ್ಟಿಕೊಂಡು ಮೇಲೆ ಬರಬಾರದು, ಶ್ವಾಸಕೋಶ ಒಡೆಯುತ್ತದೆ. ಮುಳುಗಿದ ದಿನವೇ ವಿಮಾನ ಹತ್ತಬಾರದು. ಆ ಕೊನೆಯ ನಿಯಮದಿಂದಾಗಿ ಅವನ ಎಕ್ಸೆಲ್ ಹಾಳೆಗೆ ಒಂದು ದಿನ ಹೆಚ್ಚಾಯಿತು, ಒಂದು ದಿನದ ಖರ್ಚೂ. ನನ್ನ ಫೆಲೋಶಿಪ್ ದುಡ್ಡು ಐದು ತಿಂಗಳಿಂದ ಬಂದಿಲ್ಲ. ಆ ಹೆಚ್ಚಿನ ದಿನ ನನ್ನದು, ಅಮಿನಿಗೆ ಹೋಗಲು ಬಿಡುತ್ತೀಯಾ ಎಂದು ಕೇಳಿದ್ದೇನೆ. ಮಣೇಗಾರನ ಕಚೇರಿ ಅಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ ಹುರಿ ಹೊಸೆದು ಗೊತ್ತಿರುವ ಮುದುಕಿಯೊಬ್ಬಳು ಸಿಕ್ಕರೆ ಅವಳ ಅಂಗೈ ನೋಡಬೇಕು, ಅವಳ ಜೊತೆ ಕೂತು ಒಂದು ಮೊಳವಾದರೂ ಹೊಸೆಯಲು ಬರುತ್ತದೋ ನೋಡಬೇಕು. ಅವನು ಆಯಿತು ಎಂದಿಲ್ಲ, ಇಲ್ಲ ಎಂದೂ ಇಲ್ಲ. ಹಾಳೆಯಲ್ಲಿ ಆ ದಿನದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾನೆ.

ನಾನು ದಿನಾ ಬೆಳಿಗ್ಗೆ ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳಕ್ಕೆ ಹೋಗುತ್ತಿದ್ದೇನೆ. ಚಿಕ್ಕ ಮಕ್ಕಳ ಸಾಲಿನಲ್ಲಿ, ಕಂಬಿ ಹಿಡಿದುಕೊಂಡು. ಮೊದಲ ವಾರ ಮುಖ ನೀರಿಗಿಡಲೇ ಆಗಲಿಲ್ಲ. ಈಗ ಕಣ್ಣು ಬಿಟ್ಟುಕೊಂಡೇ ಮುಳುಗಿ ಇಪ್ಪತ್ತರವರೆಗೆ ಎಣಿಸುತ್ತೇನೆ. ತಳದ ನೀಲಿ ಹೆಂಚುಗಳು ಕಾಣುತ್ತವೆ, ಯಾರದೋ ಕೂದಲ ಕ್ಲಿಪ್ಪು ಕಾಣುತ್ತದೆ.